ಪೈ ಅಂದರೆ 22/7 ಆ, 180 ಆ?

ಪ್ರಶ್ನೆ: ಮೇಡಂ, ನಾನು ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 84 ಬಂದಿತ್ತು. ಈಗ ಫಸ್ಟ್ ಪಿಯುಸಿ ಸೈನ್ಸ್, ಇಂಗ್ಲಿಷ್ ಮೀಡಿಯಂ. ತ್ರಿಕೋನಮಿತಿ ಪಾಠ ಶುರುವಾದಾಗಿನಿಂದ ರಾತ್ರಿ ಪುಸ್ತಕ ಮುಂದಿಟ್ಟುಕೊಂಡು ಅಳುತ್ತಾಳೆ. ಟೆಸ್ಟಿನಲ್ಲಿ 25ಕ್ಕೆ 7 ಬಂತು. "ಇಷ್ಟು ವರ್ಷ ಪೈ ಅಂದ್ರೆ 22/7 ಅಂದ್ರು. ಈಗ ಪೈ ಅಂದ್ರೆ 180 ಅಂತಾರೆ. ಯಾವುದಮ್ಮಾ ನಿಜ?" ಅಂತ ನನ್ನನ್ನೇ ಕೇಳುತ್ತಾಳೆ. ಫೋನಿನ ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿದರೆ ಅರ್ಧ ಬರಬೇಕಂತೆ, ಮೈನಸ್ 0.98 ಏನೋ ಬರುತ್ತೆ. ಟ್ಯೂಷನ್ ಸರ್ "ಪೈ ಬೈ 180ರಿಂದ ಗುಣಿಸು, ಅಷ್ಟೇ" ಅಂತಾರೆ. ಒಂಬತ್ತನೇ ಕ್ಲಾಸಿನಲ್ಲೂ ವೃತ್ತದ ಪಾಠ ಅವಳಿಗೆ ಕಷ್ಟ ಆಗಿತ್ತು. ಕೇಂದ್ರದಲ್ಲಿ 140 ಡಿಗ್ರಿ ಇದ್ದರೆ ಪರಿಧಿಯಲ್ಲಿ 70 ಅಂತ ಬರೆದಿದ್ದಳು, ಸರಿಯುತ್ತರ 110 ಅಂತೆ. ಅದು ಇನ್ನೂ ಅವಳಿಗೆ ಅರ್ಥವಾಗಿಲ್ಲ. ಅವರಪ್ಪ ಆರ್ಟ್ಸ್‌ಗೆ ಹಾಕೋಣ ಅಂತಿದ್ದಾರೆ. ಕನ್ನಡ ಮೀಡಿಯಂ ಮಕ್ಕಳಿಗೆ ಇದೆಲ್ಲ ಆಗೋದಿಲ್ವಾ? ನಾನು ಓದಿದ್ದು ಏಳನೇ ಕ್ಲಾಸು. ನನ್ನಿಂದ ಏನಾದರೂ ಸಹಾಯ ಆಗುತ್ತಾ?

ಉತ್ತರ: ನಿಮ್ಮಿಂದ ತುಂಬಾ ಸಹಾಯ ಆಗುತ್ತದೆ, ಅಮ್ಮಾ. ಅದು ಹೇಗೆ ಅಂತ ಈ ಉತ್ತರದಲ್ಲೇ ಹೇಳುತ್ತೇನೆ. ನಾನು 31 ವರ್ಷ ಪಿಯು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ನಿಮ್ಮ ಮಗಳು ಕೇಳಿದ ಪ್ರಶ್ನೆಯನ್ನು ಪ್ರತಿ ವರ್ಷ ಹತ್ತಾರು ಮಕ್ಕಳು ಮನಸ್ಸಿನಲ್ಲೇ ಇಟ್ಟುಕೊಂಡು ಕೂತಿರುತ್ತಾರೆ. ಬಾಯಿಬಿಟ್ಟು ಕೇಳುವವರು ಒಬ್ಬಿಬ್ಬರು. "ಯಾವುದು ನಿಜ?" ಅಂತ ಕೇಳುವ ಹುಡುಗಿಗೆ ಗಣಿತ ಬರುವುದಿಲ್ಲ ಅಂತ ನಾನು ಒಪ್ಪುವುದಿಲ್ಲ. ಎರಡು ಮಾತು ಹೊಂದುತ್ತಿಲ್ಲ ಅಂತ ಅವಳಿಗೆ ಗೊತ್ತಾಗಿದೆ. ಸುಮ್ನೆ ಸೂತ್ರ ಹಾಕಿ ಮುಂದೆ ಹೋಗುವ ಮಗುವಿಗೆ ಅದು ಗೊತ್ತೇ ಆಗುವುದಿಲ್ಲ.

ಮೊದಲು ಆ ಪೈ ವಿಷಯ ಬಿಡಿಸೋಣ. ನಿಮ್ಮ ಅಂಗಡಿಯಲ್ಲೇ.

ಚಿಕ್ಕ ಹುಡುಗಿಗೆ ಹಾಫ್ ಅಂಬ್ರೆಲಾ ಲಂಗ ಹೊಲಿಯಬೇಕು ಅಂದುಕೊಳ್ಳಿ. ಸೊಂಟ 22 ಇಂಚು. ನೀವು ಏನು ಮಾಡುತ್ತೀರಿ? 22ನ್ನು 3.14ರಿಂದ ಭಾಗಿಸುತ್ತೀರಿ. 7 ಇಂಚು ಬರುತ್ತದೆ. ಬಟ್ಟೆಯ ಅಂಚಿನಲ್ಲಿ ಒಂದು ಕಡೆ ಟೇಪು ಒತ್ತಿ ಹಿಡಿದು, 7 ಇಂಚಿಗೆ ಸೀಮೆಸುಣ್ಣ ಇಟ್ಟು, ಅರ್ಧ ಸುತ್ತು ಗೆರೆ ಎಳೆಯುತ್ತೀರಿ. ಹೊಲಿಗೆಗೆ ಬಿಡುವ ಬಟ್ಟೆಯ ಲೆಕ್ಕ ಬೇರೆ, ಅದನ್ನು ಇಲ್ಲಿ ಬಿಡೋಣ. ಈಗ ಆ ಗೆರೆಯ ಮೇಲೆ ಟೇಪು ಓಡಿಸಿದರೆ 22 ಇಂಚು ಇರುತ್ತದೆ.

ಈ ಒಂದೇ ಬಟ್ಟೆಯಲ್ಲಿ ಮಗಳ ಎರಡು ಪೈಗಳೂ ಇವೆ. ಬಾಗಿದ ಗೆರೆ 22, ತ್ರಿಜ್ಯ 7. ಗೆರೆಯನ್ನು ತ್ರಿಜ್ಯದಿಂದ ಭಾಗಿಸಿದರೆ 22/7. ಅದು ಒಂದು ಪೈ. ಇನ್ನು ಆ ಗೆರೆ ಎಳೆಯುವಾಗ ನಿಮ್ಮ ಟೇಪು ಎಷ್ಟು ತಿರುಗಿತು? ಅರ್ಧ ಸುತ್ತು, ಅಂದರೆ 180 ಡಿಗ್ರಿ. ಅದು ಎರಡನೇ ಪೈ. ಅರ್ಧ ಸುತ್ತು ತಿರುಗಿದ್ದನ್ನು "180 ಡಿಗ್ರಿ ತಿರುಗಿದೆ" ಅನ್ನಬಹುದು. "ತ್ರಿಜ್ಯದ 3.14 ಪಟ್ಟು ಉದ್ದದ ಗೆರೆ ಬಂದಿದೆ" ಅಂತಲೂ ಅನ್ನಬಹುದು. ತಿರುಗಿದ್ದು ಒಂದೇ, ಅಳೆದ ರೀತಿ ಎರಡು.

ಆದ್ದರಿಂದ "ಪೈ ಅಂದರೆ 180" ಅನ್ನುವುದು ಅರ್ಧ ನುಂಗಿದ ಮಾತು. ಪೂರ್ತಿ ಮಾತು "ಪೈ ರೇಡಿಯನ್ ಅಂದರೆ 180 ಡಿಗ್ರಿ". ಒಂದು ಗಜ ಅಂದರೆ 36 ಇಂಚು ಅಲ್ವಾ? ಗಜ, ಇಂಚು ಅನ್ನುವ ಮಾತು ತೆಗೆದು "1 ಅಂದರೆ 36" ಅಂತ ಬೋರ್ಡಿನ ಮೇಲೆ ಬರೆದರೆ ಯಾರಿಗಾದರೂ ತಲೆ ಕೆಡುತ್ತದೆ. ಕ್ಲಾಸಿನಲ್ಲಿ ಆಗಿದ್ದು ಅದೇ. ನಾವು ಮೇಷ್ಟ್ರುಗಳು ಅವಸರದಲ್ಲಿ ರೇಡಿಯನ್ ಅನ್ನುವ ಪದ ಬರೆಯದೆ ಬಿಟ್ಟುಬಿಡುತ್ತೇವೆ. ಪುಸ್ತಕಗಳಲ್ಲೂ ಅದನ್ನು ಬಿಡುವ ರೂಢಿ ಇದೆ. ನಮಗೆ ಅಭ್ಯಾಸವಾಗಿರುತ್ತದೆ, ಮಗುವಿಗೆ ಹೊಸದು. ಪೈ ಯಾವತ್ತೂ 3.14ರ ಹತ್ತಿರದ ಸಂಖ್ಯೆಯೇ. ಅದು 180 ಆಗುವುದೇ ಇಲ್ಲ.

ಕ್ಯಾಲ್ಕುಲೇಟರಿನ ಕಥೆಯೂ ಇದೇ. ಫೋನಿನಲ್ಲಿ ಡಿಗ್ರಿಗೆ ಒಂದು ಗುರುತು, ರೇಡಿಯನ್‌ಗೆ ಒಂದು ಗುರುತು ಇರುತ್ತದೆ. ಅದು ರೇಡಿಯನ್ನಿನಲ್ಲಿ ಇದ್ದಾಗ 30 ಒತ್ತಿದರೆ, ಯಂತ್ರ ಅದನ್ನು 30 ರೇಡಿಯನ್ ಅಂದುಕೊಳ್ಳುತ್ತದೆ. ಅಂದರೆ ಸುಮಾರು ನಾಲ್ಕೂಮುಕ್ಕಾಲು ಸುತ್ತು! ಅದರ ಸೈನ್ ಮೈನಸ್ 0.988. ಯಂತ್ರ ಸರಿಯಾಗೇ ಹೇಳಿದೆ. ಡಿಗ್ರಿಗೆ ಬದಲಿಸಿ ಒತ್ತಿದರೆ 0.5 ಬರುತ್ತದೆ. ಕೆಲವು ಕ್ಯಾಲ್ಕುಲೇಟರುಗಳಲ್ಲಿ ಗ್ರೇಡ್ ಅಂತ ಮೂರನೆಯದೂ ಇದೆ. ಅದು ಸುತ್ತನ್ನು 400 ಭಾಗ ಮಾಡುವ ಲೆಕ್ಕ. ಅದರಲ್ಲಿ 30 ಒತ್ತಿದರೆ 0.454 ಬರುತ್ತದೆ. ಇದು ಜಾಸ್ತಿ ಅಪಾಯ, ಯಾಕೆಂದರೆ ಉತ್ತರ ನೋಡಲು ಸರಿ ಇದ್ದ ಹಾಗೇ ಕಾಣುತ್ತದೆ. ಯಾವ ಲೆಕ್ಕಕ್ಕೂ ಮೊದಲು ಸೈನ್ 30 ಒತ್ತಿ 0.5 ಬರುತ್ತಾ ನೋಡುವ ಅಭ್ಯಾಸ ಅವಳಿಗೆ ಮಾಡಿಸಿ.

ಈಗ ನಿಜವಾದ ತೊಡಕಿಗೆ ಬರೋಣ. ನನ್ನ ಅನುಭವದಲ್ಲಿ ವೃತ್ತದ ಪಾಠದಲ್ಲಿ ಮಕ್ಕಳು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಬರುತ್ತವೆ. ಕೋನವನ್ನೂ ಉದ್ದವನ್ನೂ ಬೆರೆಸಿಬಿಡುತ್ತಾರೆ. ದೊಡ್ಡ ವೃತ್ತ ಬರೆದರೆ ಕೋನವೂ ದೊಡ್ಡದು ಅಂದುಕೊಳ್ಳುತ್ತಾರೆ. ಕೋನದ ಎರಡು ಗೆರೆಗಳನ್ನು ಉದ್ದ ಎಳೆದರೆ ಕೋನ ಬೆಳೆಯಿತು ಅಂದುಕೊಳ್ಳುತ್ತಾರೆ. ಕೋನ ಅಂದರೆ ಎಷ್ಟು ತಿರುಗಿತು ಅನ್ನುವುದು. ಎಷ್ಟು ದೂರ ಹೋಯಿತು ಅನ್ನುವುದಲ್ಲ.

ಇದನ್ನು ತೋರಿಸಲು ನಿಮಗಿಂತ ಒಳ್ಳೆಯ ಟೀಚರ್ ಸಿಗುವುದಿಲ್ಲ. ಅದೇ 22 ಇಂಚಿನ ಸೊಂಟಕ್ಕೆ ಫುಲ್ ಅಂಬ್ರೆಲಾ ತೆಗೆದುಕೊಳ್ಳಿ. 22ನ್ನು 6.28ರಿಂದ ಭಾಗಿಸಿದರೆ ತ್ರಿಜ್ಯ 3.5 ಇಂಚು. ಲಂಗದ ಉದ್ದ 16 ಇಂಚು ಅಂದರೆ, ಕೆಳಗಿನ ಘೇರಿಗೆ ತ್ರಿಜ್ಯ 19.5 ಇಂಚು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡುತ್ತೀರಿ. ಮಡಿಕೆಯ ಮೂಲೆಯಲ್ಲಿ ಟೇಪಿನ ತುದಿ ಒತ್ತಿ ಎರಡು ಗೆರೆ ಎಳೆಯುತ್ತೀರಿ, ಒಂದು ಸೊಂಟಕ್ಕೆ, ಒಂದು ಘೇರಿಗೆ. ಆ ಮೂಲೆ 90 ಡಿಗ್ರಿ. ಎರಡೂ ಗೆರೆಗಳು ಆ ಒಂದೇ ಮೂಲೆಯ ಒಳಗೇ ಇವೆ. ಈಗ ಮಗಳ ಕೈಗೆ ಟೇಪು ಕೊಟ್ಟು ಅಳೆಸಿ. ಸೊಂಟದ ಗೆರೆ 5.5 ಇಂಚು. ಘೇರಿನ ಗೆರೆ 30.6 ಇಂಚು. ಉದ್ದ ಎಷ್ಟು ಬೇರೆ! ಕೋನ ಮಾತ್ರ ಒಂದೇ.

ಇಲ್ಲಿ ಅವಳನ್ನು ಸ್ವಲ್ಪ ನಿಲ್ಲಿಸಿ. ಎರಡೂ ಗೆರೆಗಳನ್ನು ಅವುಗಳದ್ದೇ ತ್ರಿಜ್ಯದಿಂದ ಭಾಗಿಸಲು ಹೇಳಿ. 5.5ನ್ನು 3.5ರಿಂದ ಭಾಗಿಸಿದರೆ 1.57. 30.6ನ್ನು 19.5ರಿಂದ ಭಾಗಿಸಿದರೂ 1.57. ಲಂಗ ಚಿಕ್ಕದಿರಲಿ, ದೊಡ್ಡದಿರಲಿ, 90 ಡಿಗ್ರಿ ಮೂಲೆಗೆ ಈ ಸಂಖ್ಯೆ ಬದಲಾಗುವುದಿಲ್ಲ. ಬದಲಾಗದ ಸಂಖ್ಯೆ ಸಿಕ್ಕಿತು ಅಂದರೆ ಅದರಿಂದ ಕೋನವನ್ನೇ ಅಳೆಯಬಹುದು. ಇದೇ ರೇಡಿಯನ್. ಇಷ್ಟೇ ರೇಡಿಯನ್. ಬಾಗಿದ ಗೆರೆಯಲ್ಲಿ ಎಷ್ಟು ತ್ರಿಜ್ಯ ಹಿಡಿಸುತ್ತದೆ ಅನ್ನುವ ಲೆಕ್ಕ. 90 ಡಿಗ್ರಿಗೆ 1.57, ಅದು ಪೈಯಲ್ಲಿ ಅರ್ಧ. 180ಕ್ಕೆ 3.14. ಪೂರ್ತಿ ಸುತ್ತಿಗೆ 6.28.

6.28ರಿಂದ ಭಾಗಿಸುವುದನ್ನು ನಿಮಗೆ ಹೊಲಿಗೆ ಕಲಿಸಿದವರು ಹೇಳಿಕೊಟ್ಟಿರಬೇಕು. ಸುಮ್ನೆ 6ರಿಂದ ಭಾಗಿಸುವ ಟೈಲರುಗಳೂ ಇದ್ದಾರೆ, ಅವರಿಗೆ ಸೊಂಟ ಒಂದಿಂಚು ಸಡಿಲ ಬರುತ್ತದೆ. ಹೇಗಿದ್ದರೂ, ನೀವು ಇಷ್ಟು ವರ್ಷ ಮಾಡಿದ್ದು ರೇಡಿಯನ್ ಲೆಕ್ಕವೇ. ಮಗಳ ಪುಸ್ತಕದಲ್ಲಿ ಕಂಸದ ಉದ್ದ ಅಂದರೆ ತ್ರಿಜ್ಯ ಗುಣಿಸು ಕೋನ ಅಂತ ಒಂದು ಸೂತ್ರ ಇದೆ. ಅದು ನಿಮ್ಮ ಸೊಂಟದ ಲೆಕ್ಕ. ಸೊಂಟ ಅಂದರೆ ಕಂಸ. ಫುಲ್ ಅಂಬ್ರೆಲಾಗೆ ಕೋನ 6.28, ಹಾಫ್‌ಗೆ 3.14. ಕೋನವನ್ನು ರೇಡಿಯನ್ನಿನಲ್ಲಿ ಹಾಕಿದರೆ ಮಾತ್ರ ಆ ಸೂತ್ರ ನಡೆಯುತ್ತದೆ. 180 ಅಂತ ಹಾಕಿ 7ರಿಂದ ಗುಣಿಸಿದರೆ 1260 ಇಂಚು ಸೊಂಟ ಬರುತ್ತದೆ!

ನಿಮ್ಮ ಅಂಗಡಿಯಲ್ಲಿ ಕಾಲಲ್ಲಿ ತುಳಿಯುವ ಮೆಷಿನ್ ಇದ್ದರೆ ಇದರ ಇನ್ನೊಂದು ಮುಖವೂ ಅಲ್ಲೇ ಇದೆ. ಕೆಳಗೆ ದೊಡ್ಡ ಚಕ್ರ, ಮೇಲೆ ಚಿಕ್ಕ ಚಕ್ರ, ನಡುವೆ ಬೆಲ್ಟು. ಲಂಗದಲ್ಲಿ ಕೋನ ಒಂದೇ ಇತ್ತು, ಉದ್ದ ಬೇರೆ ಇತ್ತು. ಇಲ್ಲಿ ಉದ್ದ ಒಂದೇ, ಕೋನ ಬೇರೆ. ಬೆಲ್ಟು ಎರಡು ಚಕ್ರದ ಮೇಲೂ ಒಂದೇ ಉದ್ದ ಓಡುತ್ತದೆ. ಕೆಳಗಿನದರ ತ್ರಿಜ್ಯ ಮೇಲಿನದರ ನಾಲ್ಕು ಪಟ್ಟು ಇದ್ದರೆ, ಕೆಳಗೆ ಒಂದು ಸುತ್ತು ಬಂದಾಗ ಮೇಲೆ ನಾಲ್ಕು ಸುತ್ತು. ಎರಡೂ ಚಕ್ರಕ್ಕೆ ಒಂದೊಂದು ಸೀಮೆಸುಣ್ಣದ ಗುರುತು ಹಾಕಿ, ನಿಧಾನವಾಗಿ ತಿರುಗಿಸಿ ತೋರಿಸಿ. ಫಿಸಿಕ್ಸ್‌ನಲ್ಲಿ ಚಕ್ರದ ವೇಗದ ಪಾಠ ಬಂದಾಗ ಅವಳಿಗೆ ಇದು ನೆನಪಾಗುತ್ತದೆ.

ರೇಡಿಯನ್ ಅಂದರೆ ಹೊರಗಿನಿಂದ ಬಂದ ಕಷ್ಟದ ವಿಷಯ, ಡಿಗ್ರಿ ನಮ್ಮ ಸಹಜ ಅಳತೆ ಅನ್ನುವ ಭಾವನೆ ತುಂಬಾ ಮಕ್ಕಳಲ್ಲಿ ಇದೆ. ನನಗೆ ಇದು ಬೇಸರ ತರುತ್ತದೆ, ಯಾಕೆಂದರೆ ವಿಷಯ ಹಾಗಿಲ್ಲ. ಸುತ್ತನ್ನು 360 ಭಾಗ ಮಾಡಿ ಅಂತ ವೃತ್ತ ನಮಗೆ ಹೇಳಿಲ್ಲ. ಅದು ಮನುಷ್ಯರ ಆಯ್ಕೆ. ಬ್ಯಾಬಿಲೋನಿನವರು 60ರ ಲೆಕ್ಕದಲ್ಲಿ ಎಣಿಸುತ್ತಿದ್ದರು. ವರ್ಷಕ್ಕೆ ದಿನಗಳೂ 360ರ ಹತ್ತಿರ. ಋಗ್ವೇದದ ಒಂದು ಮಂತ್ರದಲ್ಲೂ 360 ಗೂಟಗಳ ಚಕ್ರದ ಮಾತು ಬರುತ್ತದೆ. 360ಕ್ಕೆ 24 ಭಾಜಕಗಳಿವೆ. ಅರ್ಧ, ಮೂರನೇ ಒಂದು, ಕಾಲು, ಐದನೇ ಒಂದು, ಎಂಟನೇ ಒಂದು ಎಲ್ಲವೂ ಶೇಷವಿಲ್ಲದೆ ಬರುತ್ತವೆ. ಅದಕ್ಕೇ ಅದು ಉಳಿದುಕೊಂಡಿತು. ಮನೆಯ ಪಂಚಾಂಗವೂ ಇದರ ಮೇಲೇ ನಿಂತಿದೆ. 12 ರಾಶಿ, ಒಂದೊಂದಕ್ಕೆ 30 ಡಿಗ್ರಿ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. 27 ನಕ್ಷತ್ರ, ಒಂದೊಂದಕ್ಕೆ 13 ಡಿಗ್ರಿ 20 ನಿಮಿಷ.

ಆ 20 ನಿಮಿಷದ ಹತ್ತಿರ ಮಕ್ಕಳು ಎಡವುತ್ತಾರೆ. 13 ಡಿಗ್ರಿ 20 ನಿಮಿಷವನ್ನು 13.20 ಅಂತ ಬರೆಯುತ್ತಾರೆ. ಒಂದು ಡಿಗ್ರಿಗೆ 60 ನಿಮಿಷ. ಆದ್ದರಿಂದ 20 ನಿಮಿಷ ಅಂದರೆ ಡಿಗ್ರಿಯ ಮೂರನೇ ಒಂದು ಭಾಗ. 13 ಡಿಗ್ರಿ 20 ನಿಮಿಷ ಅಂದರೆ 40/3 ಡಿಗ್ರಿ. ಅದನ್ನು ರೇಡಿಯನ್ನಿಗೆ ತಿರುಗಿಸಿದರೆ 2 ಪೈ ಬೈ 27 ಬರುತ್ತದೆ. ನೋಡಿ, ಪೂರ್ತಿ ಸುತ್ತು 2 ಪೈ, ನಕ್ಷತ್ರ 27! ಡಿಗ್ರಿಯಲ್ಲಿ ಮುಚ್ಚಿಹೋಗಿದ್ದು ರೇಡಿಯನ್ನಿನಲ್ಲಿ ಎದ್ದು ಕಾಣುತ್ತದೆ. ಈ ಲೆಕ್ಕವನ್ನು ನಾನು ಪ್ರತಿ ವರ್ಷ ಮಾಡಿಸುತ್ತಿದ್ದೆ. ಮಕ್ಕಳ ಮುಖ ಅರಳುವುದನ್ನು ನೋಡುವುದೇ ಒಂದು ಖುಷಿ.

ಇನ್ನು ರೇಡಿಯನ್. ಆ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡಿದ್ದು 1873ರಲ್ಲಿ, ಬೆಲ್‌ಫಾಸ್ಟ್‌ನ ಒಂದು ಕಾಲೇಜಿನಲ್ಲಿ ಜೇಮ್ಸ್ ಥಾಮ್ಸನ್ ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ. ಹೆಸರು ಹೊಸದು, ಯೋಚನೆ ಹಳೆಯದು. ಆರ್ಯಭಟ 499ರ ಹೊತ್ತಿಗೇ ಜ್ಯಾ ಕೋಷ್ಟಕ (ಇವತ್ತಿನ ಸೈನ್ ಕೋಷ್ಟಕದಂಥದ್ದು) ಮಾಡಿದಾಗ ತ್ರಿಜ್ಯವನ್ನು 3438 ಅಂತ ಇಟ್ಟುಕೊಂಡಿದ್ದ. ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಪೂರ್ತಿ ಸುತ್ತಿಗೆ 360 ಡಿಗ್ರಿ, ಡಿಗ್ರಿಗೆ 60 ಕಲೆ, ಒಟ್ಟು 21600 ಕಲೆ. ಪರಿಧಿ 21600 ಇದ್ದರೆ ತ್ರಿಜ್ಯ ಎಷ್ಟು? 6.2832ರಿಂದ ಭಾಗಿಸಿ. 3438. ಅಂದರೆ ಬಾಗಿದ ಗೆರೆಯನ್ನೂ ನೇರ ಗೆರೆಯನ್ನೂ ಒಂದೇ ಅಳತೆಗೋಲಿನಿಂದ ಅಳೆದ. ನೀವು ಸೊಂಟಕ್ಕೂ ಲಂಗದ ಉದ್ದಕ್ಕೂ ಒಂದೇ ಟೇಪು ಹಿಡಿದ ಹಾಗೆ. 3438 ಕಲೆ ಅಂದರೆ 57 ಡಿಗ್ರಿ 18 ಕಲೆ. ಒಂದು ರೇಡಿಯನ್ ಅಂದರೂ ಸುಮಾರು 57.3 ಡಿಗ್ರಿ. ಅದೇ ಸಂಖ್ಯೆ.

22/7ರ ಬಗ್ಗೆಯೂ ಒಂದು ಮಾತು. ಅದು ಪೈಯ ನಿಜವಾದ ಬೆಲೆ ಅಲ್ಲ. ಯಾವ ಭಿನ್ನರಾಶಿಯೂ ಅಲ್ಲ. ಪೈಯನ್ನು ಭಿನ್ನರಾಶಿಯಾಗಿ ಬರೆಯಲು ಬರುವುದೇ ಇಲ್ಲ ಅಂತ ಲ್ಯಾಂಬರ್ಟ್ ಅನ್ನುವ ಗಣಿತಜ್ಞ 18ನೇ ಶತಮಾನದಲ್ಲಿ ಸಾಧಿಸಿ ತೋರಿಸಿದ. ಆರ್ಯಭಟ ವ್ಯಾಸ 20000ಕ್ಕೆ ಪರಿಧಿ 62832 ಅಂತ ಹೇಳುವಾಗಲೇ ಇದು ಹತ್ತಿರದ ಬೆಲೆ, ಆಸನ್ನ, ಅಂತ ಎಚ್ಚರಿಕೆಯಿಂದ ಸೇರಿಸಿದ್ದ. ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಎರಡು ಬೆಲೆ ಕೊಡುತ್ತಾರೆ. 3927/1250 ಸೂಕ್ಷ್ಮ, 22/7 ಸ್ಥೂಲ ಆದರೆ ವ್ಯವಹಾರಕ್ಕೆ ಯೋಗ್ಯ. ಎಷ್ಟು ಸರಿಯಾದ ಮಾತು! ನಿಮ್ಮ 16 ಇಂಚು ಉದ್ದದ ಫುಲ್ ಅಂಬ್ರೆಲಾದ ಪೂರ್ತಿ ಘೇರಿನಲ್ಲಿ 22/7 ಹಾಕಿದರೆ ಬರುವ ವ್ಯತ್ಯಾಸ ಇಂಚಿನ ಇಪ್ಪತ್ತನೇ ಒಂದು ಭಾಗ. ಕತ್ತರಿಯ ಬಾಯಿಗೆ ಅದು ಲೆಕ್ಕಕ್ಕಿಲ್ಲ. 3.14 ಹಾಕಿದರೆ ಜಾಸ್ತಿ ಸರಿ ಅಂತ ಕೆಲವು ಮಕ್ಕಳು ನಂಬಿರುತ್ತಾರೆ. 3.14 ನಿಜವಾದ ಬೆಲೆಗಿಂತ 0.0016 ಕಡಿಮೆ, 22/7 ಅದಕ್ಕಿಂತ 0.0013 ಜಾಸ್ತಿ. 22/7 ಚೂರು ಹತ್ತಿರವೇ ಇದೆ. ಪಿಯುಸಿಯಲ್ಲಿ ಮಾತ್ರ, ಕೇಳದೇ ಇದ್ದರೆ ಎರಡನ್ನೂ ಹಾಕಬೇಡ, ಪೈ ಅಂತಲೇ ಬಿಡು ಅಂತ ಮಗಳಿಗೆ ಹೇಳಿ.

ಈಗ ಆ 140, 70, 110ರ ವಿಷಯ. ಇದು ಎರಡು ವರ್ಷದಿಂದ ಅವಳ ಮನಸ್ಸಿನಲ್ಲಿ ಮುಳ್ಳಾಗಿ ಕೂತಿದೆ, ತೆಗೆದುಬಿಡೋಣ. ಒಂದು ವೃತ್ತ ಬರೆಯಲಿ. ಪರಿಧಿಯ ಕೆಳಗಡೆ ಅಕ್ಕಪಕ್ಕ ಎರಡು ಚುಕ್ಕೆ, ಮೇಲುಗಡೆ ಒಂದು ಚುಕ್ಕೆ. ಮೇಲಿನ ಚುಕ್ಕೆಯಿಂದ ಕೆಳಗಿನ ಎರಡಕ್ಕೂ ಗೆರೆ ಎಳೆಯಲಿ. ಕೇಂದ್ರದಿಂದ ಮೂರು ಚುಕ್ಕೆಗೂ ಗೆರೆ ಎಳೆಯಲಿ. ಎರಡು ತ್ರಿಭುಜ ಕಾಣುತ್ತವೆ. ಪ್ರತಿಯೊಂದರಲ್ಲೂ ಎರಡು ಬಾಹು ತ್ರಿಜ್ಯಗಳು, ಅಂದರೆ ಸಮ. ಆದ್ದರಿಂದ ಎರಡು ಕೋನಗಳೂ ಸಮ. ಒಂದು ತ್ರಿಭುಜದಲ್ಲಿ 30 ಮತ್ತು 30 ಅಂತಿರಲಿ, ಇನ್ನೊಂದರಲ್ಲಿ 40 ಮತ್ತು 40. ಮೇಲಿನ ಚುಕ್ಕೆಯಲ್ಲಿ ಒಟ್ಟು ಕೋನ 70. ಈಗ ಮೇಲಿನ ಚುಕ್ಕೆಯಿಂದ ಕೇಂದ್ರಕ್ಕೆ ಬಂದ ಗೆರೆಯನ್ನು ಹಾಗೇ ಮುಂದಕ್ಕೆ ಎಳೆಯಲಿ. ಕೇಂದ್ರದಲ್ಲಿ ಹೊರಕೋನ ಒಂದು ಕಡೆ 30 ಕೂಡಿಸು 30, ಅಂದರೆ 60. ಇನ್ನೊಂದು ಕಡೆ 80. ಒಟ್ಟು 140. ಎರಡು ಪಟ್ಟು ಎಲ್ಲಿಂದ ಬಂತು ಅಂತ ಕಣ್ಣಿಗೆ ಕಾಣುತ್ತದೆ. ತ್ರಿಜ್ಯಗಳು ಸಮ ಇರುವುದರಿಂದ ಬಂತು.

ಹಾಗಾದರೆ 110 ಹೇಗೆ? ಚುಕ್ಕೆ ಇದ್ದ ಜಾಗದಿಂದ. ಚುಕ್ಕೆ ದೊಡ್ಡ ಕಂಸದ ಮೇಲಿದ್ದರೆ ಅದು ಎದುರಿನ ಚಿಕ್ಕ ಕಂಸವನ್ನು ನೋಡುತ್ತದೆ. ಕೇಂದ್ರದಲ್ಲಿ 140, ಚುಕ್ಕೆಯಲ್ಲಿ 70. ಅದೇ ಚುಕ್ಕೆ ಕೆಳಗಿನ ಚಿಕ್ಕ ಕಂಸದ ಮೇಲೆ ಬಂದು ಕೂತರೆ ಅದು ನೋಡುವುದು ದೊಡ್ಡ ಕಂಸವನ್ನು. ಆ ಕಡೆಯಿಂದ ಕೇಂದ್ರದಲ್ಲಿ ಉಳಿದಿರುವುದು 360ರಲ್ಲಿ 140 ಕಳೆದು 220. ಅದರ ಅರ್ಧ 110. ಅವಳ ಪ್ರಶ್ನೆಯ ಚಿತ್ರದಲ್ಲಿ ಚುಕ್ಕೆ ಚಿಕ್ಕ ಕಂಸದ ಮೇಲೆ ಇತ್ತು ಅಷ್ಟೇ. ಅವಳು ನಿಯಮ ಮರೆತಿರಲಿಲ್ಲ, ಯಾವ ಕಂಸ ಅಂತ ಕೇಳಿಕೊಳ್ಳಲಿಲ್ಲ. ಚುಕ್ಕೆಯ ಜಾಗದಲ್ಲಿ ನಿಂತು ಎದುರಿಗೆ ಯಾವ ಕಂಸ ಕಾಣುತ್ತೆ ಅಂತ ಪ್ರತಿ ಸಲ ಬೆರಳು ಓಡಿಸಿ ನೋಡುವುದು ಒಳ್ಳೆಯದು.

ಕನ್ನಡ ಮೀಡಿಯಂ ಬಗ್ಗೆ ಕೇಳಿದ್ದೀರಿ. ಕಷ್ಟ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಇದೆ. ಆದರೆ ಆ ಕಷ್ಟ ಪದಗಳದ್ದು, ಬುದ್ಧಿಯದ್ದಲ್ಲ. ಕಂಸ ಅಂತ ಕಲಿತವಳಿಗೆ ಆರ್ಕ್ ಅಂದಾಗ ಅರೆಗಳಿಗೆ ಬೇಕು. ಅಷ್ಟರಲ್ಲಿ ಲೆಕ್ಚರರ್ ಮುಂದಿನ ಸಾಲಿಗೆ ಹೋಗಿರುತ್ತಾರೆ. ಜ್ಯಾ ಕಾರ್ಡ್ ಆಗಿದೆ, ಸ್ಪರ್ಶಕ ಟ್ಯಾಂಜೆಂಟ್ ಆಗಿದೆ. ಎಲ್ಲಕ್ಕಿಂತ ಜಾಸ್ತಿ ಗೊಂದಲ ಸೆಕ್ಟರ್ ಮತ್ತು ಸೆಗ್ಮೆಂಟ್‌ನಲ್ಲಿ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಅವು ತ್ರಿಜ್ಯಾಂತರ ಖಂಡ ಮತ್ತು ವೃತ್ತಖಂಡ. ಮೊದಲನೆಯದು ಎರಡು ತ್ರಿಜ್ಯಗಳ ಅಂತರದಲ್ಲಿ ಸಿಕ್ಕಿದ ತುಂಡು, ಪಿಜ್ಜಾ ತುಂಡಿನ ಹಾಗೆ. ಎರಡನೆಯದು ಜ್ಯಾ ಕತ್ತರಿಸಿದ ತುಂಡು. ಕನ್ನಡದ ಹೆಸರೇ ಅರ್ಥ ಹೇಳುತ್ತದೆ. ಇಂಗ್ಲಿಷಿನದು ಹೇಳುವುದಿಲ್ಲ, ಬಾಯಿಪಾಠ ಮಾಡಬೇಕು. ಇಪ್ಪತ್ತು ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಹದಿನೈದು ದಿನದಲ್ಲಿ ಈ ತೊಡಕು ಮುಗಿಯುತ್ತದೆ.

ಪದಗಳ ಮಾತು ಬಂತಲ್ಲ, ನಿಮಗೆ ಇಷ್ಟವಾಗುವ ಒಂದು ವಿಷಯ ಹೇಳುತ್ತೇನೆ. ಜ್ಯಾ ಅಂದರೆ ಬಿಲ್ಲಿನ ಹೆದೆ. ಹಳೆಯ ಲೆಕ್ಕದಲ್ಲಿ ಒಂದು ಕೋನದ ಜ್ಯಾ ಅಂದರೆ ಅದರ ಎರಡು ಪಟ್ಟು ಕೋನದ ಹೆದೆಯಲ್ಲಿ ಅರ್ಧ. ಮೂರು ರಾಶಿಯ, ಅಂದರೆ 90 ಡಿಗ್ರಿಯ ಜ್ಯಾ ವೃತ್ತದ ಅರ್ಧ ವ್ಯಾಸಕ್ಕೆ ಸಮ. ಅದಕ್ಕೇ ಅದರ ಹೆಸರು ತ್ರಿಜ್ಯಾ. ಜ್ಯಾಕ್ಕೆ ಜೀವಾ ಅಂತಲೂ ಹೆಸರಿತ್ತು. ಅದು ಅರಬ್ಬಿಗೆ ಹೋಗಿ ಜೀಬ ಆಯಿತು. ಅರಬ್ಬಿಯಲ್ಲಿ ಅದೇ ಅಕ್ಷರಗಳನ್ನು ಜೈಬ್ ಅಂತಲೂ ಓದಬಹುದು, ಅಂದರೆ ಅಂಗಿಯ ಎದೆಯ ಸೀಳು, ಮಡಿಕೆ. ಲ್ಯಾಟಿನ್ನಿಗೆ ತಂದವರು ಹಾಗೇ ಓದಿ, ಮಡಿಕೆ ಅನ್ನುವ ಅರ್ಥದ ಸೈನಸ್ ಅಂತ ಬರೆದರು. ಅದೇ ಇವತ್ತಿನ ಸೈನ್. ನೀವು ಅಂಗಿಗೆ ಇಡುವ ಜೇಬು ಇದೆಯಲ್ಲ, ಅದೂ ಅದೇ ಜೈಬ್‌ನಿಂದ ಬಂದ ಪದ. ಮಗಳ ಸೈನ್, ನಿಮ್ಮ ಜೇಬು, ಎರಡೂ ಒಂದೇ ಮನೆಯವು.

ಇನ್ನು ಮುಂದೆ ಏನು ಮಾಡುವುದು? ಟ್ಯೂಷನ್ ಸರ್ ಹೇಳಿದ ಸೂತ್ರ ತಪ್ಪಲ್ಲ. ಡಿಗ್ರಿಯಿಂದ ರೇಡಿಯನ್ನಿಗೆ ಹೋಗಲು ಪೈ ಬೈ 180ರಿಂದಲೇ ಗುಣಿಸಬೇಕು. ನಾಳೆಯೇ ಟೆಸ್ಟ್ ಇದ್ದರೆ ಅದನ್ನು ನೆನಪಿಟ್ಟುಕೊಳ್ಳಲಿ. ಅಪಾಯ ಏನೆಂದರೆ, ಪರೀಕ್ಷೆಯ ಗಾಬರಿಯಲ್ಲಿ ಸೂತ್ರ ತಿರುವುಮುರುವು ಆಗುತ್ತದೆ. ಆಗಿದ್ದು ಅವಳಿಗೆ ಗೊತ್ತೂ ಆಗುವುದಿಲ್ಲ. ಕಾವಲಿಗೆ ಒಂದು ಮಾತು ಇಟ್ಟುಕೊಳ್ಳಲಿ. ಒಂದು ರೇಡಿಯನ್ ಸುಮಾರು 57 ಡಿಗ್ರಿ, ಆದ್ದರಿಂದ ರೇಡಿಯನ್ನಿನ ಸಂಖ್ಯೆ ಯಾವಾಗಲೂ ಡಿಗ್ರಿಯ ಸಂಖ್ಯೆಗಿಂತ ಚಿಕ್ಕದು. 30 ಡಿಗ್ರಿಗೆ ಅರ್ಧದ ಆಸುಪಾಸು ಬರಬೇಕು. 1700 ಬಂದಿದ್ದರೆ ತಲೆಕೆಳಗಾಗಿದೆ ಅಂತ ಅರ್ಥ.

ಇನ್ನೂ ಒಂದು ಟ್ಯೂಷನ್ ಸೇರಿಸಲು ಮನಸ್ಸಾಗಬಹುದು. ಸ್ವಲ್ಪ ತಡೆಯಿರಿ. ಪ್ರಶ್ನೆ ಕೇಳಲು ಬಿಡುವ ಟ್ಯೂಷನ್ ಒಳ್ಳೆಯದು. ಬರೀ ಇನ್ನೊಂದು ಕ್ಲಾಸು ಆದರೆ, ಅವಳು ಒಬ್ಬಳೇ ಕೂತು ತಪ್ಪು ಮಾಡಿ ತಿದ್ದಿಕೊಳ್ಳುವ ಆ ಒಂದು ಗಂಟೆಯೂ ಹೋಗುತ್ತದೆ. ಗಣಿತ ಬರುವುದು ಆ ಒಂದು ಗಂಟೆಯಲ್ಲೇ.

ನಾನು ಹೇಳುವುದು ಇದು. ಎರಡು ವಾರ, ದಿನಕ್ಕೆ ಮುಕ್ಕಾಲು ಗಂಟೆ, ಒಂಬತ್ತು ಮತ್ತು ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದ ವೃತ್ತದ ಪಾಠಗಳಿಗೆ ವಾಪಸ್ ಹೋಗಲಿ. ಒಂದು ಊಟದ ತಟ್ಟೆ, ದಾರ, ಒಂದು ರಟ್ಟು ಇಟ್ಟುಕೊಳ್ಳಲಿ. ತಟ್ಟೆಯನ್ನು ಹಾಳೆಯ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆಯಲಿ. ಕೇಂದ್ರ ಎಲ್ಲಿದೆ? ರಟ್ಟಿನ ಚೌಕ ಮೂಲೆಯನ್ನು ಪರಿಧಿಯ ಮೇಲೆ ತಾಗಿಸಲಿ. ಮೂಲೆಯ ಎರಡು ಅಂಚುಗಳು ಪರಿಧಿಯನ್ನು ಎಲ್ಲಿ ದಾಟುತ್ತವೆಯೋ ಅಲ್ಲಿ ಗುರುತು ಹಾಕಿ ಸೇರಿಸಿದರೆ ಅದೇ ವ್ಯಾಸ. ಅರ್ಧವೃತ್ತದ ಕೋನ 90 ಡಿಗ್ರಿ ಅನ್ನುವ ಒಂಬತ್ತನೇ ಕ್ಲಾಸಿನ ಪ್ರಮೇಯ ಇದು. ಇನ್ನೊಂದು ಕಡೆ ಹೀಗೇ ಮಾಡಿದರೆ ಎರಡು ವ್ಯಾಸ ಕತ್ತರಿಸಿದ ಜಾಗ ಕೇಂದ್ರ. ಈಗ ತ್ರಿಜ್ಯದಷ್ಟು ದಾರ ಕತ್ತರಿಸಿ ಪರಿಧಿಯ ಮೇಲೆ ಬಾಗಿಸಿ ಇಡಲಿ. ಆರು ಸಲ ಹಿಡಿಸುತ್ತದೆ, ಸ್ವಲ್ಪ ಉಳಿಯುತ್ತದೆ. ಆ ಉಳಿದ ಚೂರು ತ್ರಿಜ್ಯದ 0.28 ಭಾಗ. ಅದನ್ನು ಕಣ್ಣಾರೆ ನೋಡಿದ ಮೇಲೆ 2 ಪೈ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಇದರಲ್ಲೂ ಒಂದು ತೊಂದರೆ ಇದೆ. ಆ ಎರಡು ವಾರದಲ್ಲಿ ಕ್ಲಾಸು ಮುಂದೆ ಓಡುತ್ತದೆ. ಅದಕ್ಕೇ ದಿನಕ್ಕೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಡ. ಕ್ಲಾಸಿನ ನೋಟ್ಸ್ ಬಿಡಬಾರದು. ಮುಂದಿನ ಟೆಸ್ಟಿನಲ್ಲೂ ಅಂಕ ಕಡಿಮೆ ಬರಬಹುದು, ಅದಕ್ಕೆ ಮನೆಯಲ್ಲಿ ಎಲ್ಲರೂ ತಯಾರಿರಬೇಕು.

ಆರ್ಟ್ಸ್ ವಿಷಯ. ಅವರಪ್ಪನ ಕಾಳಜಿ ನನಗೆ ಅರ್ಥವಾಗುತ್ತದೆ, ಮಗು ಅಳುವುದನ್ನು ಯಾರು ನೋಡುತ್ತಾರೆ? ಅವಳಿಗೆ ಇತಿಹಾಸ, ಅರ್ಥಶಾಸ್ತ್ರ ಇಷ್ಟ ಇದ್ದು ತಾನೇ ಕೇಳಿದರೆ ಖಂಡಿತ ಹಾಕಿ, ಅದೂ ಒಳ್ಳೆಯ ದಾರಿ. ಆದರೆ ಒಂದು ಟೆಸ್ಟಿನ 7 ಅಂಕ ನೋಡಿ ಬೇಡ. ಗಣಿತ ಬಿಟ್ಟರೆ ಇಂಜಿನಿಯರಿಂಗ್‌ನಂಥ ದಾರಿಗಳು ಮುಚ್ಚಿಹೋಗುತ್ತವೆ. ವಾಪಸ್ ಬರುವುದು ಸುಲಭ ಅಲ್ಲ. "ನನ್ನ ಕೈಲಾಗಲಿಲ್ಲ" ಅನ್ನುವ ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಬದಲಾಯಿಸಲು ಕೊನೆಯ ದಿನ ಯಾವುದು ಅಂತ ಕಾಲೇಜಿನಲ್ಲಿ ಕೇಳಿಟ್ಟುಕೊಳ್ಳಿ. ಅದಕ್ಕೆ ಮೊದಲು ಈ ಎರಡು ವಾರ ಅವಳಿಗೆ ಕೊಡಿ.

ಶುರು ಮಾಡಲು ಒಂದು ಲೆಕ್ಕ ಕೊಡುತ್ತೇನೆ. ಪುಸ್ತಕ ತೆಗೆಸಬೇಡಿ, ಅಂಗಡಿಗೆ ಕರೆಯಿರಿ. ಅದೇ 22 ಇಂಚಿನ ಸೊಂಟ. ಈ ಸಲ ಫುಲ್ ಅಲ್ಲ, ಹಾಫ್ ಅಲ್ಲ, ಮುಕ್ಕಾಲು ಅಂಬ್ರೆಲಾ. ಟೇಪು 270 ಡಿಗ್ರಿ ತಿರುಗಬೇಕು. ತ್ರಿಜ್ಯ ಎಷ್ಟು ಇಡಬೇಕು ಅಂತ ಅವಳನ್ನು ಕೇಳಿ. ಮೊದಲು 270ನ್ನು ರೇಡಿಯನ್ನಿಗೆ ತಿರುಗಿಸಲಿ, ಆಮೇಲೆ ಭಾಗಿಸಲಿ. 4 ಇಂಚು ದಾಟಿ, 5 ಮುಟ್ಟುವ ಮೊದಲು, 4.67ರ ಹತ್ತಿರ ಬರಬೇಕು. ಹಳೇ ಬಟ್ಟೆಯ ಮೇಲೆ ಅವಳೇ ಗೆರೆ ಎಳೆಯಲಿ, ಅವಳೇ ಟೇಪು ಓಡಿಸಿ ನೋಡಲಿ. 22 ಬಂದರೆ ಕತ್ತರಿ ಅವಳ ಕೈಗೇ ಕೊಡಿ.